ಇಳಿತದ ಹೊತ್ತಿನ ಕೂಟ

ಶಾಂಭವಿ ಮೇಡಂ ಮೂರನೇ ಅಧ್ಯಾಯವನ್ನು ವಾಪಸು ಕೊಟ್ಟಾಗ ಅದರಲ್ಲಿ ಕೆಂಪು ಶಾಯಿ ಬಿದ್ದದ್ದು ಒಂದೇ ಕಡೆ. ‘ಊರಿನವರೆಲ್ಲರೂ ಸೇರಿ, ಒಪ್ಪಿ, ಪಂಚಾಯ್ತಿ ಸದಸ್ಯೆಯನ್ನು ಅವಿರೋಧವಾಗಿ ಆರಿಸಿದರು’ ಎಂದು ಸುಚಿತಾ ಬರೆದಿದ್ದಳು. ಮೇಡಂ ‘ಎಲ್ಲರೂ’ ಎಂಬುದರ ಸುತ್ತ ಗೆರೆ ಎಳೆದು, ‘ಯಾರು? ನಿನಗೆ ಹೇಗೆ ಗೊತ್ತು?’ ಎಂದು ಕೇಳಿದ್ದರು.

ಸುಚಿತಾಳಿಗೆ ಮೈಯೆಲ್ಲ ಉರಿಯಿತು. ಅಲ್ಲ, ಎಲ್ಲರೂ ಅಂದರೆ ಎಲ್ಲರೂ! ಅದಕ್ಕೂ ಒಂದು ಅಡಿಟಿಪ್ಪಣಿ ಬೇಕೆ? ಕುಮಟೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಕೊನೆಯ ವರ್ಷದ ಕಿರುಪ್ರಬಂಧ ಅದು. ಅಘನಾಶಿನಿ ಹೊಳೆಯ ದಂಡೆಯ ತನ್ನದೇ ಕೇರಿಯಲ್ಲಿ ಎಂದೂ ಚುನಾವಣೆಯ ಜಗಳ ನಡೆಯುವುದಿಲ್ಲ, ಕೂಟದಲ್ಲೇ ಹೆಸರು ತೀರ್ಮಾನವಾಗುತ್ತದೆ ಎಂಬುದನ್ನು ಅವಳು ಹೆಮ್ಮೆಯಿಂದಲೇ ವಿಷಯವಾಗಿ ಆರಿಸಿಕೊಂಡಿದ್ದಳು. ತಿಂಗಳ ಕೊನೆಗೆ ಸಲ್ಲಿಸಬೇಕು. ಮೇಡಂ ಸಹಿ ಹಾಕದಿದ್ದರೆ ವರ್ಷವೇ ಹೋಯಿತು.

ಮೇಡಂ ಕೆಟ್ಟವರಲ್ಲ. ಮನೆಗೆ ಹೋದರೆ ಚಾ ಕೊಟ್ಟು, ಊಟ ಆಯಿತಾ ಅಂತ ವಿಚಾರಿಸುವ ಹೆಂಗಸು. ಬರವಣಿಗೆಯ ಮಾತು ಬಂದರೆ ಮಾತ್ರ ದಯೆ ದಾಕ್ಷಿಣ್ಯ ಎರಡೂ ಇಲ್ಲ. “ಕೇಳಿದ್ದು ಬೇರೆ, ಕಂಡದ್ದು ಬೇರೆ, ನೀನು ಅಂದುಕೊಂಡದ್ದು ಬೇರೆ. ಮೂರನ್ನೂ ಒಂದೇ ಬುಟ್ಟಿಗೆ ಹಾಕಬೇಡ,” ಎಂದಷ್ಟೇ ಹೇಳಿ ಅವಳನ್ನು ಕಳಿಸಿದರು.

ಸುಚಿತಾಳ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಆ ‘ಎಲ್ಲರೂ’ ಅವಳ ಅಪ್ಪನ ಮಾತು. ವೆಂಕಟ ಆ ಕೇರಿಯ ಕೋಲಕಾರ. ಕೂಟ ಸೇರಬೇಕೆಂದು ಯಜಮಾನರು ಹೇಳಿದ ಕೂಡಲೇ ಕೋಲು ಹಿಡಿದು ಹೊರಟು, ಒಂದೊಂದು ಮನೆಯ ಅಂಗಳದಲ್ಲೂ ನಿಂತು, ಕೋಲನ್ನು ನೆಲಕ್ಕೆ ಕುಟ್ಟಿ ಕರೆ ಹೇಳುವುದು ಅವನ ಕೆಲಸ. ಮಾತು ಬಿಟ್ಟ ಮನೆಯ ಅಂಗಳದಲ್ಲೂ ಅವನು ನಿಂತು ಕರೆಯುತ್ತಿದ್ದ. ಸಂದರ್ಶನದಲ್ಲೂ ಎದೆ ಮುಂದೆ ಮಾಡಿ ಅದನ್ನೇ ಹೇಳಿದ್ದ. ಒಂದು ಮನೆಯನ್ನೂ ಬಿಟ್ಟವನಲ್ಲ ಎಂಬುದೇ ಅವನ ಬದುಕಿನ ದೊಡ್ಡ ಅಭಿಮಾನ.

ಮರುದಿನ ನೀರು ಇಳಿದಾಗ ಸುಚಿತಾ ಹೊಳೆಗೆ ಹೋದಳು. ಅಪ್ಪನ ತಂಗಿ ನಾಗಿ ಅತ್ತೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕೆಸರಿನಲ್ಲಿ ಕಾಲಾಡಿಸಿ ಬಳಚಿನ ಚಿಪ್ಪು ಹುಡುಕುತ್ತಿದ್ದಳು. ಸುತ್ತ ಕೇರಿಯ ಹೆಂಗಸರೆಲ್ಲ ಬುಟ್ಟಿ ತೇಲಿಬಿಟ್ಟುಕೊಂಡು ಅದೇ ಕೆಲಸದಲ್ಲಿದ್ದರು. ಹೋದ ಸಲ ಮಹಿಳಾ ಮೀಸಲು ಬಂದಾಗ ಕೂಟದಲ್ಲಿ ನೀನೂ ಒಪ್ಪಿದ್ದೆಯಾ ಅತ್ತೆ ಎಂದು ಸುಚಿತಾ ಸುಮ್ಮನೆ ಕೇಳಿದಳು. ಹೌದು ಅಂದುಬಿಟ್ಟರೆ ಮೇಡಂ ಬಾಯಿ ಮುಚ್ಚುತ್ತದೆ ಎಂದು ಅವಳ ಲೆಕ್ಕ.

ನಾಗಿ ನಕ್ಕಳು. “ನಾ ಎಲ್ಲಿದ್ದೆ ಕೂಟದಲ್ಲಿ? ನೀರು ಇಳ್ದ ಮೇಲೆ ನಾವೆಲ್ಲ ಇಲ್ಲೇ ಇರೂದಲ್ವಾ.”

ಆಮೇಲೆ ತಗ್ಗಿದ ದನಿಯಲ್ಲಿ ಉಳಿದದ್ದನ್ನೂ ಹೇಳಿದಳು. ಆ ಸಲ ತಾನೇ ನಿಲ್ಲಬೇಕೆಂದು ಅವಳಿಗೆ ಆಸೆಯಿತ್ತು. ಜೊತೆಯ ಹೆಂಗಸರೂ ನಿಲ್ಲು ಅಂದಿದ್ದರು. ನಾಮಪತ್ರಕ್ಕೆ ಬೇಕಾಗುತ್ತದೆಂದು ಕುಮಟೆಗೆ ಹೋಗಿ ಫೋಟೊ ತೆಗೆಸಿಕೊಂಡು ಬಂದಿದ್ದಳು, ಮನೆಯಲ್ಲಿ ರೇಷನ್ ಕಾರ್ಡಿಗೆ ಎಂದಿದ್ದಳು. ಕೂಟದ ದಿನ ಬಳಚು ತೊಳೆದು ದಂಡೆ ಹತ್ತುವಷ್ಟರಲ್ಲಿ ಯಜಮಾನರ ಸೊಸೆಯ ಹೆಸರು ನಿಕ್ಕಿಯಾಗಿ ಬೆಲ್ಲ ಹಂಚಿ ಆಗಿತ್ತು. ಬೆಲ್ಲ ಹಂಚಿದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತುವ ಹಾಗಿಲ್ಲ, ಅದು ಕೇರಿಯ ಕಟ್ಟುಪಾಡು. ತನ್ನ ಪಾಲಿನ ಬೆಲ್ಲವನ್ನು ಅಣ್ಣನೇ ಮನೆಗೆ ತಂದುಕೊಟ್ಟ, ತಿಂದೆ ಎಂದಳು ನಾಗಿ.

ಸುಚಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಳಿತದಲ್ಲಿ ಅಳಿವೆಯ ಮರಳದಿಬ್ಬ ಮೇಲೇಳುತ್ತದೆ, ದೋಣಿ ದಾಟುವುದಿಲ್ಲ, ಗಂಡಸರು ಖಾಲಿ. ಅದಕ್ಕೇ ಅಜ್ಜನ ಕಾಲದಿಂದಲೂ ಕೂಟವೆಂದರೆ ಇಳಿತದ ಹೊತ್ತಿಗೆ. ಅದೇ ಇಳಿತ ಹೆಂಗಸರಿಗೆ ದುಡಿಯುವ ಹೊತ್ತು. ಹೆಂಗಸರು ಬರಬಾರದು ಎಂದು ಯಾರೂ ಯಾವತ್ತೂ ಹೇಳಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಆ ಹೊಳೆಯಲ್ಲೇ ಆಡಿ ಬೆಳೆದ ತನಗೆ ಇದು ಇಷ್ಟು ವರ್ಷ ಕಾಣಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಅತ್ತೆಯೊಬ್ಬಳ ಮಾತು ಸಾಲದು ಎಂದು ಮೇಡಂ ಹೇಳುವುದು ಗೊತ್ತಿತ್ತು. ಹಿಂದಿನ ಕೂಟಗಳ ದಿನ, ಹೊತ್ತುಗಳನ್ನು ನಾಲ್ಕು ಜನರ ಹತ್ತಿರ ಕೇಳಿ, ಉಬ್ಬರ ಇಳಿತದ ವೇಳಾಪಟ್ಟಿಗೆ ಹೊಂದಿಸಿ ನೋಡಿದಳು. ತಪ್ಪದೆ ತಾಳೆಯಾಯಿತು. ಅಧ್ಯಾಯವನ್ನು ಮೊದಲಿನಿಂದ ಬರೆದಳು. ಮೇಡಂ ಓದಿ, ಈಗ ಇದು ಸಂಶೋಧನೆ ಅಂದರು. ಜೊತೆಗೆ ತಮ್ಮ ನಿಯಮವನ್ನು ಇನ್ನೊಮ್ಮೆ ನೆನಪಿಸಿದರು: ಯಾರ ಬಗ್ಗೆ ಬರೆದಿದ್ದೀಯೋ ಅವರ ಕಿವಿಗೆ ಮೊದಲು ಬೀಳಬೇಕು.

ಇದು ಅಪ್ಪನ ಬಗ್ಗೆ ಬರೆದದ್ದು ಎಂದುಕೊಂಡಳು ಸುಚಿತಾ. ಅವಳು ತಪ್ಪಿದ್ದು ಅಲ್ಲೇ.

ವೆಂಕಟ ಅಂಗಳದಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ. ಮಗಳು ತಾನು ಬರೆದದ್ದನ್ನು ಓದಿ ಹೇಳುತ್ತಾಳೆಂದು ಅವನಿಗೆ ಸಂಭ್ರಮ. ಹೆಸರುಗಳನ್ನೆಲ್ಲ ತೆಗೆದಿದ್ದಳು, ಅತ್ತೆ ಬರೀ ‘ಬಳಚು ತೆಗೆಯುವ ಒಬ್ಬ ಮಹಿಳೆ’ ಆಗಿದ್ದಳು. ಇಳಿತದ ಲೆಕ್ಕ ಬಂದಾಗ ಅವನು ತಲೆದೂಗುತ್ತಲೇ ಕೇಳಿದ. ಫೋಟೊದ ಸಾಲು ಬಂತು, ಕೈ ನಿಂತಿತು.

“ರೇಷನ್ ಕಾರ್ಡಿಗೆ ಅಂತ ಹೇಳಿತ್ತು ನಾಗಿ,” ಎಂದ.

ಸುಚಿತಾ ಓದುವುದನ್ನು ನಿಲ್ಲಿಸಿದಳು. ನಾಗಿಯ ಮನೆಯ ಕನ್ನಡಿಯ ಮೂಲೆಗೆ ಸಿಕ್ಕಿಸಿಟ್ಟ ಆ ಫೋಟೊವನ್ನು ಅವನು ಎಷ್ಟೋ ಸಲ ನೋಡಿದ್ದ. ಅಕ್ಕಿ ತರುವುದಕ್ಕೆ ಇಷ್ಟು ಚೆಂದ ಯಾಕೆ ಮಾರಾಯ್ತಿ ಎಂದು ಚೇಷ್ಟೆಯನ್ನೂ ಮಾಡಿದ್ದ.

ಅವನು ಬಲೆಯನ್ನು ಪಕ್ಕಕ್ಕಿಟ್ಟ. “ನಾ ಒಂದ್ ಮನೆನೂ ಬಿಟ್ಟಿಲ್ಲ, ಮಗಾ.”

“ಮನೆ ಬಿಟ್ಟಿಲ್ಲ, ಅಪ್ಪ,” ಎಂದಳು ಸುಚಿತಾ. ಬಿಟ್ಟುಹೋದದ್ದು ಹೆಂಗಸರು ಎಂಬುದನ್ನು ಹೇಳದೆ ಹಾಳೆಗಳನ್ನು ಮಡಚಿದಳು. ಅವತ್ತು ವೆಂಕಟ ಊಟಕ್ಕೆ ಏಳಲಿಲ್ಲ.

ಅವಳೇ ಹೋಗಿ ಅತ್ತೆಗೆ ನಡೆದದ್ದನ್ನು ಹೇಳಿದಳು. ನಾಗಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ನಾ ನಿಂಗೆ ಹೇಳಿದ್ದು. ಬುಕ್ಕಿಗೆ ಹೇಳಿದ್ದಲ್ಲ,” ಎಂದು ಒಳಗೆ ಹೋದಳು. ಸುಚಿತಾ ಅಳುತ್ತಾ ಮನೆಗೆ ಬಂದು ಆ ಭಾಗವನ್ನು ಪೂರ್ತಿ ಹೊಡೆದು ಹಾಕಿದಳು. ಇದಿಲ್ಲದೆ ನಿನ್ನ ವಾದ ಕುಂಟುತ್ತದೆ, ಆದರೂ ಅವರು ಬೇಡವೆಂದರೆ ಬೇಡ ಎಂದರು ಮೇಡಂ. ಕುಂಟುತ್ತಲೇ ಹೋಗಲಿ ಅನಿಸಿತು ಅವಳಿಗೆ. ಅತ್ತೆಯ ಮುಖ ನೋಡಲಾಗದೆ ಪದವಿ ತೆಗೆದುಕೊಂಡು ಏನು ಮಾಡುವುದು?

ಅಷ್ಟರಲ್ಲಿ ಮತ್ತೆ ಪಂಚಾಯ್ತಿ ಚುನಾವಣೆಯ ಮಾತು ಎದ್ದಿತು. ಭಾನುವಾರ ಇಳಿತಕ್ಕೆ ಕೂಟ, ಕರೆ ಹೇಳು ಎಂದು ಯಜಮಾನರು ವೆಂಕಟನಿಗೆ ಅಪ್ಪಣೆ ಕೊಟ್ಟರು. ಸುಚಿತಾ ಆಗ ಹೊಳೆಯಲ್ಲಿದ್ದಳು. ಆ ಭಾಗ ಹೊಡೆದು ಹಾಕಿದ್ದನ್ನು ಅತ್ತೆಗೆ ಹೇಳಿದ್ದಳು. ಅತ್ತೆ ಮಾತಾಡದಿದ್ದರೂ ದಿನಾ ಹೋಗಿ ಪಕ್ಕದಲ್ಲಿ ನಿಂತು ಬಳಚು ಹೆಕ್ಕಿ ಅವಳ ಬುಟ್ಟಿಗೆ ಹಾಕುತ್ತಿದ್ದಳು. ದಂಡೆಯ ಮೇಲೆ ಅಪ್ಪ ಕಂಡ. ಕೈಯಲ್ಲಿ ಕೋಲಿತ್ತು. ಕೇರಿಯ ಕಡೆ ತಿರುಗದೆ ಪಂಚೆ ಎತ್ತಿ ಕಟ್ಟಿ ನೇರ ಕೆಸರಿಗೆ ಇಳಿದ. ನೀರಿನಲ್ಲಿ ಕೋಲು ಕುಟ್ಟಿದರೆ ಸದ್ದು ಬರುವುದಿಲ್ಲ, ಆದರೂ ಒಮ್ಮೆ ಕುಟ್ಟಿದ. ಆಮೇಲೆ ಮನೆಗಳನ್ನಲ್ಲ, ಹೆಸರು ಹಿಡಿದು ಕರೆದ. ಹಮ್ಮ. ಸುಬ್ಬಿ. ಮಹಾಲಕ್ಷ್ಮೀ. ಒಬ್ಬೊಬ್ಬರಾಗಿ ತಲೆ ಎತ್ತಿದರು. ಕೊನೆಗೆ ನಾಗಿ.

“ಕೂಟ ಅದೆ,” ಎಂದ. “ಯಾವ ಹೊತ್ತಿಗೆ ಇಡೂದು, ನೀವೇ ಹೇಳಿ.”

ಅವರನ್ನು ಯಾರೂ ಎಂದೂ ಹೀಗೆ ಕೇಳಿರಲಿಲ್ಲ. ಹೊತ್ತು ಗೊತ್ತು ಮಾಡುವುದು ಕೋಲಕಾರನ ಕೆಲಸವಲ್ಲ, ಇಷ್ಟು ಮಾತಿಗೇ ಯಜಮಾನರು ಸಂಜೆಯೊಳಗೆ ಅವನ ಕೋಲು ಕಸಿದುಕೊಳ್ಳಬಹುದು ಎಂಬುದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ನಾಗಿ ಅಣ್ಣನನ್ನು ನೋಡಿದಳು. “ಆ ಫೋಟೊ ಈಗ ನನ್ನ ಮೋರೆಗೆ ಹೊಂದೂದಿಲ್ಲ, ಅಣ್ಣ.”

“ಬೇರೆ ತೆಗ್ಸುವಾ,” ಎಂದ ವೆಂಕಟ.

ಅವಳು ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ನೀರು ಏರಿದ ಮೇಲೆ ಇಟ್ಟರೆ ಆತು ಎಂದಳು. ಮತ್ತೆ ಕೆಸರಿನಲ್ಲಿ ಕಾಲಾಡಿಸತೊಡಗಿದಳು. ಎಷ್ಟೋ ಹೊತ್ತಿನ ಮೇಲೆ, ಮುಖ ಎತ್ತದೆ, ಪಕ್ಕದಲ್ಲಿದ್ದ ಸುಚಿತಾಳಿಗೆ ಹೇಳಿದಳು.

“ಹೊಡೆದು ಹಾಕಿದ್ದನ್ನು ಮತ್ತೆ ಬರಿ. ಒಬ್ಬ ಮಹಿಳೆ ಅಂತ ಬೇಡ. ನಾಗಿ ಅಂತ ಬರಿ.”