ಬಾಗಿಲಿಗಿಟ್ಟ ಗುಂಡುಕಲ್ಲು

ಸಿದ್ದಾರೂಢ ಬಾಗಿಲು ದೂಡಿದ. ಅಪೇಕ್ಷಾ ತನ್ನ ಚೀಲವನ್ನು ಸಂದಿಗೆ ಒಡ್ಡಿದಳು. ಒಳಗಿದ್ದ ಭಾರದ್ದೇನೋ ಹಲಗೆಗೆ ಬಡಿಯಿತು.

“ನಮ್ಮಕ್ಕನ ಮ್ಯಾಲೆ ಅರ್ಜಿ ಕೊಟ್ಟಾಕಿ ನೀನಽ ಅಲ್ಲೇನು? ಇವತ್ತ ಯಾವ ಮಾರಿ ಹೊತ್ತು ಬಂದಿ?”

“ಕೊಟ್ಟದ್ದು ನಾನೇ. ಒಳಗೆ ಬಿಡಿ.”

ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದ ರೇಣುವಿನ ಶವದ ಹಣೆಗೆ ತಾಯಿ ಶಿವಗಂಗವ್ವ ವಿಭೂತಿ ಹಚ್ಚುತ್ತಿದ್ದಳು. ತಿರುಗದೆಯೇ ಅಂದಳು: “ಬರಲಿ ಬಿಡೋ. ನಿಮ್ಮಕ್ಕನ ಕೈಯಾಗ ಕಲತಾಕಿ.”

* * *

ಆರು ವರ್ಷದ ಹಿಂದೆ, ಈ ಮರಾಠಿ ಊರಿನ ವಿಶ್ವವಿದ್ಯಾಲಯದಲ್ಲಿ, ರೇಣು ಎಂದಿನಂತೆ ಬಾಗಿಲು ಹಾಕಿ ಆತ್ಮಹತ್ಯೆಯ ಕುರಿತ ಪಾಠ ಶುರುಮಾಡಿದ್ದಳು. ಹಳ್ಳಿಗಾಡಿನ ಭೋರ್‌ನಿಂದ ಬಸ್ಸು ಹಿಡಿದು ಬರುವವರು, ವಿಮಾನ ನಗರದ ಫ್ಲಾಟಿನವರು, ಮಣಿಪುರದವರು, ಅರವತ್ತು ಮಂದಿ. ಅವರ ನಡುವೆ, ಅಣ್ಣನನ್ನು ಹಾಗೆಯೇ ಕಳೆದುಕೊಂಡು ಮೂರು ತಿಂಗಳಾಗಿದ್ದ ಅಪೇಕ್ಷಾ. ಮುಚ್ಚಿದ ಬಾಗಿಲಿನವರೆಗೆ ಎದ್ದು ಹೋಗಲು ಧೈರ್ಯ ಸಾಲದೆ, ಎಲ್ಲರೆದುರು ಕುಸಿದು ಅತ್ತಳು. ಮರುದಿನ ರೇಣುವಿನ ಮೇಲೆ ದೂರಿನ ಅರ್ಜಿ ಕೊಟ್ಟಳು.

ಆ ಪಾಠವನ್ನೇ ಕೈಬಿಡಿ ಎಂದರು ವಿಭಾಗದ ಮುಖ್ಯಸ್ಥರು.

“ತಪ್ಪು ನನ್ನದು, ಪಾಠದ್ದಲ್ಲ. ಬಿಡುವುದಿಲ್ಲ,” ಎಂದಳು ರೇಣು.

ಮರುವಾರ ತಾಯಿಯ ಅಡುಗೆಮನೆಯ ಗುಂಡುಕಲ್ಲನ್ನು ಹೊತ್ತೊಯ್ದು, ತರಗತಿಯ ಬಾಗಿಲು ತೆರೆದು ಅದಕ್ಕೆ ಒತ್ತಿಟ್ಟಳು. ಇವತ್ತಿನ ಪಾಠ ಯಾವುದೆಂದು ಮೊದಲೇ ತಿಳಿಸಿ, ಮರಾಠಿಯಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ಹೇಳಿದಳು: ಯಾರು ಬೇಕಾದರೂ ಎದ್ದು ಹೋಗಿ, ಕಾರಣ ಕೇಳುವುದಿಲ್ಲ. ತಿರುಗಿ ಬಂದರೂ ಕೇಳುವುದಿಲ್ಲ.

ಅಪೇಕ್ಷಾ ಎರಡು ಸಲ ಎದ್ದು ಹೋದಳು. ಮೂರನೆಯ ಸಲ ಕೂತಳು.

* * *

ಅಪೇಕ್ಷಾ ಚೀಲದಿಂದ ಗುಂಡುಕಲ್ಲು ತೆಗೆದು ಶಿವಗಂಗವ್ವನ ಮುಂದಿಟ್ಟಳು.

“ಅಯ್ಯ, ನನ್ನ ಕಲ್ಲು! ಆರು ವರ್ಷ ಆತು ಖಾರ ಅರದು. ಕೇಳಿದ್ರ ಮಿಕ್ಸರ್ ತಂದು ಕೊಟ್ಳು, ಖೋಡಿ.”

“ಮೇಡಂ ಹಾಸಿಗೆ ಹಿಡಿದಾಗಿನಿಂದ ಅವರ ಕ್ಲಾಸ್ ನಾನೇ ತಗೊಳ್ಳುವುದು. ನಾಡಿದ್ದು ಆ ಪಾಠ ಉಂಟು. ಮೇಡಂ ಜೊತೆಗೇ ಅದೂ ಹೋಗ್ಲಿ ಅಂದ್ರು ಹೆಡ್.”

“ನೀ ಏನಂದಿ?”

“ಮಾಡ್ತೇನೆ ಅಂದೆ.”

“ನೌಕರಿ ಹೋಗ್ತದ ನಿಂದು,” ಅಂದ ಸಿದ್ದಾರೂಢ.

“ಹೋದ್ರೆ ಹೋಯ್ತು. ಕಲ್ಲು ಮಾತ್ರ ನಿಮ್ಮದು, ಅಮ್ಮ. ಕೇಳದೆ ಇಟ್ಟುಕೊಳ್ಳುವುದು ಸರಿಯಲ್ಲ ಅಂತ ತಂದೆ.”

ಶಿವಗಂಗವ್ವ ಕಲ್ಲನ್ನು ಸೆರಗಿನಿಂದ ಒರೆಸಿ, ಮೆಲ್ಲಗೆ ಅವಳ ಚೀಲಕ್ಕಿಳಿಸಿದಳು. “ಮಿಕ್ಸರ್ ಚೊಲೋನ ಅರೀತದ. ಒಯ್ಯಿ.”

ರೇಣುವನ್ನು ಎತ್ತಿದರು. ಮೆಟ್ಟಿಲ ತುಂಬ ನಿಂತಿದ್ದ ವಿದ್ಯಾರ್ಥಿಗಳು ದಾರಿ ಬಿಟ್ಟರು. ಗಾಳಿಗೆ ಬಾಗಿಲು ಹಾಕಿಕೊಳ್ಳತೊಡಗಿತು. ಶಿವಗಂಗವ್ವ ಎದ್ದು ಹೋಗಿ, ಅದಕ್ಕೆ ತನ್ನ ಬೆನ್ನು ಕೊಟ್ಟು ನಿಂತಳು.