ಗೆರ್ಲಿಂಡ್ ಹೆಣೆದ ಜಡೆ

ನನ್ನ ಮಗಳ ತಲೆ ಬಾಚೋಕೆ ಅವಳ್ಯಾರು? ಸ್ವೆನ್ಯಾ ಮೊದಲ ಸಲ ತಲೆಯ ಸುತ್ತ ಕಿರೀಟದ ಹಾಗೆ ಜಡೆ ಸುತ್ತಿಸಿಕೊಂಡು ಬಂದಾಗಲೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಗೆರ್ಲಿಂಡ್ ಆಂಟಿ ಹಾಕಿದ್ದು. ಚೆನ್ನಾಗಿದೆ ಅಲ್ವಾ ಅಮ್ಮ?"

"ಹ್ಞೂಂ, ಅಜ್ಜಿ ಕಾಲದ ಗೊಂಬೆ ಹಾಗಿದೀಯ," ಅಂದೆ.

ನಾನು ಟ್ರ್ಯಾಕ್ಟರ್ ಓಡಿಸಿದವಳು. ಹರೆಯದಿಂದಲೂ ಗಿಡ್ಡ ಕೂದಲು. ಜಡೆ ಹೆಣೆಯೋದು ನನಗೆಲ್ಲಿ ಬರಬೇಕು? ಗೆರ್ಲಿಂಡ್ ಮಹಾತಾಯಿ ಪಶ್ಚಿಮ ಜರ್ಮನಿ ಕಡೆಯಿಂದ ಬಂದು ಪೂರ್ವದ ನಮ್ಮೂರಿನ ಪಾಳು ತೋಟದಮನೆ ಕೊಂಡವಳು. ಆರು ಮಕ್ಕಳು, ಉದ್ದ ಲಂಗ, ಮನೇಲೇ ಬೇಯಿಸಿದ ಬ್ರೆಡ್ಡು, ಜೇನು. ಮಾತಂತೂ ಜೇನಿಗಿಂತ ಸಿಹಿ. ಅವಳ ಮನೇಲಿ ಹುಡುಗಿಯರಿಗೆ ಹಾಡು, ಹೊಲಿಗೆ, ಜೊತೆಗೆ ನಮ್ಮ ರಕ್ತ, ನಮ್ಮ ಮಣ್ಣು, ಹೊರಗಿನವರನ್ನ ಓಡಿಸಬೇಕು ಅನ್ನೋ ಪಾಠ. ಆ ಪಾಠ ಕಟ್ಟಿಕೊಂಡು ನನಗೇನಾಗಬೇಕಿತ್ತು? ಆದರೆ ಊಟಕ್ಕೆ ಕೂತರೂ ಸ್ವೆನ್ಯಾ "ಗೆರ್ಲಿಂಡ್ ಆಂಟಿ ಹೀಗಂದ್ರು" ಅಂತಲೇ ಶುರುಮಾಡೋಳು. ಮಗಳು ಕೈತಪ್ಪಿ ಹೋಗ್ತಾಳಲ್ಲ ಅಂತ ನಾನೂ ಅವಳ ಹಿಂದೆ ಗೆರ್ಲಿಂಡ್ ಮನೆಗೆ ಹೋದೆ.

ಹೋದಮೇಲೆ ಸುಮ್ಮನೆ ಕೂರೋ ಜಾಯಮಾನ ನನ್ನದಲ್ಲ. ಕೂದಲು ಬಿಟ್ಟೆ. ಕೇಕು ಮಾಡಿದೆ. ಊರಿನ ಹಳೇ ಶಾಲೇಲಿ ಸಿರಿಯಾದಿಂದ ಓಡಿಬಂದ ಸಂಸಾರಗಳನ್ನ ಇರಿಸಿದಾಗ, ಅವರು ಬೇಡ ಅಂತ ಮನೆಮನೆ ಬಾಗಿಲು ತಟ್ಟಿದ್ದು ನಾನೇ. ನಾನು ಊರೆಲ್ಲಾ ಮುಗಿಸೋ ಹೊತ್ತಿಗೆ, ಗೆರ್ಲಿಂಡ್ ಗುಂಪಿನ ಇನ್ನೊಬ್ಬಳು, ಬೇಕರಿಯ ಹೈಕೆ, ಅರ್ಧ ಊರೂ ಮುಗಿಸಿರಲಿಲ್ಲ.

ಗೆರ್ಲಿಂಡ್ ಮೆಚ್ಚಿಕೊಂಡಳು. "ಶನಿವಾರ ಚೌಕದ ಸಭೇಲಿ ನೀನೇ ಮಾತಾಡು, ರಮೋನಾ. ಗಂಡಸರು ಹೇಳಿದ್ರೆ ದ್ವೇಷ ಅಂತಾರೆ. ತಾಯಿ ಹೇಳಿದ್ರೆ, ಪಾಪ, ಭಯ ಅಂತಾರೆ." ಹಾಗಂದು ಕೈಯಾರೆ ನನಗೆ ಜಡೆ ಹಾಕಿದಳು. ಹೈಕೆ ಮುಖ ನೋಡಬೇಕಿತ್ತು!

ಶನಿವಾರ ಬೆಳಿಗ್ಗೆ ಸ್ವೆನ್ಯಾ ಅಡುಗೆಮನೆಗೆ ಬಂದಳು. ಕೂದಲನ್ನ ಕಿವಿ ಮೇಲಕ್ಕೆ ಕತ್ತರಿಸಿಕೊಂಡಿದ್ದಳು, ಥೇಟ್ ನನ್ನ ಹಳೇ ತಲೆ. ಕೈಯಲ್ಲಿ ಬ್ಯಾಗು.

"ನಿನ್ನೆ ಹಳೇ ಶಾಲೆ ಕಿಟಕಿಗೆ ಕಲ್ಲು ಹೊಡೆದ್ರು. ಒಳಗೊಂದು ಮಗು ಇತ್ತು. ಹೊಡೆದವರನ್ನ ಕರೆದು ಗೆರ್ಲಿಂಡ್ ಕೇಕ್ ಕೊಟ್ಟಳು. ನೀನು ಮಾಡಿದ ಕೇಕು, ಅಮ್ಮ."

ನಾನು ಜಡೆಯ ಪಿನ್ನು ಸರಿಮಾಡಿಕೊಂಡೆ.

"ನನಗೆ ಸಾಕಾಯ್ತು. ಪಟ್ಟಣಕ್ಕೆ, ರೋಸ್ಟಾಕ್ ಬಸ್ಸಿಗೆ ಹೊರಟಿದೀನಿ. ನೀನೂ ಬಾ."

"ಇವತ್ತಾ? ಇವತ್ತು ನನ್ನ ಭಾಷಣ ಕಣೇ!"

"ನೀನು ಅಲ್ಲಿಗೆ ಸೇರಿದ್ದು ಯಾರಿಗೋಸ್ಕರ?"

"ನಿನಗೋಸ್ಕರ."

"ಹಾಗಾದ್ರೆ ಬಾ."

ಶೂ ಹಾಕಿಕೊಂಡಿದ್ದೆ, ನಿಜವಾಗಲೂ. ಅಷ್ಟರಲ್ಲಿ ಹೊಳೀತು, ನಾನು ಹೋದರೆ ಮೈಕು ಹೈಕೆ ಕೈಗೆ. ಗೆರ್ಲಿಂಡ್ ಪಕ್ಕ ನಿಲ್ಲೋಳು ಹೈಕೆ! ಸಾಯೋತನಕ ಮೆರೀತಾಳೆ ಆ ಮಿಟುಕಲಾಡಿ.

"ಮುಂದಿನ ವಾರ ಬರ್ತೀನಿ," ಅಂದೆ. ಸ್ವೆನ್ಯಾ ನನ್ನ ಜಡೆ ಮುಟ್ಟಿ ನೋಡಿದಳು. ಬ್ಯಾಗು ಎತ್ತಿಕೊಂಡು ಹೋದಳು.

ಚೌಕ ತುಂಬಿತ್ತು. ಗೆರ್ಲಿಂಡ್ ಹೇಳಿಕೊಟ್ಟ ಹಾಗೇ ಶುರುಮಾಡಿದೆ. "ನಾನೊಬ್ಬ ತಾಯಿ. ನನ್ನ ಮಗಳನ್ನ ಕಳ್ಕೋತೀನೇನೋ ಅಂತ ನನಗೆ ಭಯ."

ಚಪ್ಪಾಳೆಯೋ ಚಪ್ಪಾಳೆ. ಹೈಕೆ ಮಾತ್ರ ಕೈಕಟ್ಟಿ ನಿಂತಿದ್ದಳು. ಅವಳ ಹಿಂದೆ ರೋಸ್ಟಾಕ್ ಬಸ್ಸು, ಅದರ ಕಿಟಕೀಲಿ ಕೂದಲು ಕತ್ತರಿಸಿದ ಒಂದು ತಲೆ. ಆ ತಲೆ ಈ ಕಡೆ ತಿರುಗಲಿಲ್ಲ. ಬಸ್ಸು ಹೊರಟಿತು. ನಾನು ಅದೇ ಮಾತನ್ನ ಇನ್ನೊಂದು ಸಲ ಹೇಳಿದೆ, ಗಟ್ಟಿಯಾಗಿ, ಹೈಕೆಗೆ ಕೇಳಿಸಲಿ ಅಂತ.