ಕೆನೆ ಬಿಟ್ಟ ಮಾವ

ನಗುವುದಕ್ಕೆ ನನ್ನ ಸೋದರಮಾವ ಕಾರಣ ಕೇಳುತ್ತಿದ್ದರು. ಸಿಟ್ಟಿಗೆ ಮಾತ್ರ ಅವರಿಗೆ ಯಾವ ಕಾರಣವೂ ಬೇಕಿರಲಿಲ್ಲ. ಚಪ್ಪಲಿಯ ಉಂಗುಷ್ಠ ಕಿತ್ತರೆ ಚಪ್ಪಲಿಯ ಮೇಲೆ, ಬಸ್ಸು ತಡವಾದರೆ ಬಸ್ಸಿನ ಮೇಲೆ, ಬೇಗ ಬಂದರೆ ತಾವಿನ್ನೂ ನಿಲ್ದಾಣ ಮುಟ್ಟುವ ಮೊದಲೇ ಬಂದಿತೆಂದು ಡ್ರೈವರನ ಮೇಲೆ. ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರಲ್ಲ, ಮಾವನದು ಅಲ್ಲಿಂದಲೂ ಒಂದು ಅಂಗುಲ ಮುಂದಿತ್ತು. ಯಾರು ಏನೇ ಹೇಳಲಿ, ತಲೆಯಾಡಿಸುತ್ತ "ಸರಿ, ಸರಿ" ಎಂದು ಎರಡು ಸಲ ಒಪ್ಪಿ, ಹೇಳಿದವರು ಹಿಗ್ಗುವಷ್ಟರಲ್ಲಿ "ತಪ್ಪು!" ಎಂದು ಮುಗಿಸುವುದು ಅವರ ಪದ್ಧತಿ. 'ಸರಿ-ಸರಿ-ತಪ್ಪು' ಎಂಬುದೇ ಬೀದಿಯಲ್ಲಿ ಅವರ ಅಡ್ಡಹೆಸರಾಗಿತ್ತು.

ಆಯುಷ್ಯದ ಬಹುಪಾಲನ್ನು ಅವರು ಹಾಲಿನ ಡೈರಿಯಲ್ಲಿ, ಕೆನೆ ತೆಗೆದು ಬೆಣ್ಣೆ ಮಾಡುವ ವಿಭಾಗದಲ್ಲಿ ಕಳೆದವರು. ಸದಾ ನೀರು ನಿಂತ ನೆಲದ ಮೇಲೆ ರಬ್ಬರ್ ಬೂಟು ಹಾಕಿಕೊಂಡು ನಡೆದೂ ನಡೆದೂ, ಒಣರಸ್ತೆಯಲ್ಲಿಯೂ ಪಾದವನ್ನು ಎತ್ತೆತ್ತಿ ಅಗಲಕ್ಕೆ ಇಡುವ ನಡಿಗೆ ಅವರಿಗೆ ಅಂಟಿಕೊಂಡಿತ್ತು. ತಂಪು ಕೋಣೆಯ ಕೆಲಸಕ್ಕೆಂದು ಕೊಟ್ಟಿದ್ದ ಹತ್ತಿ ತುಂಬಿದ ನೀಲಿ ಕೋಟನ್ನು ಉರಿಬೇಸಿಗೆಯಲ್ಲೂ, ಒಲೆಯ ಮುಂದೆಯೂ ಬಿಚ್ಚುತ್ತಿರಲಿಲ್ಲ. ಬೆವರುತ್ತಿದ್ದರು, ಬೆವರಿದ್ದಕ್ಕೆ ಸಿಟ್ಟಾಗುತ್ತಿದ್ದರು, ಕೋಟು ಬಿಚ್ಚಿ ಎಂದವರ ಮೇಲೆ ಇನ್ನಷ್ಟು ಸಿಟ್ಟಾಗುತ್ತಿದ್ದರು.

ನಿವೃತ್ತಿಗೆ ಕೆಲವು ತಿಂಗಳಿರುವಾಗ, ಹಾಲು ಯಾಕೆ ಕಡಿಮೆಯಾಯಿತೆಂದು ವಿಚಾರಿಸಿ ಬರಲು ಅವರನ್ನು ಒಂದು ದೊಡ್ಡ ಕೊಟ್ಟಿಗೆಗೆ ಕಳಿಸಿದರು. ಅಲ್ಲಿಂದ ಮನೆಗೆ ಬಂದವರೇ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು. ಏನಾಯಿತೆಂದು ನನ್ನೆದುರು ಒಮ್ಮೆ ಮಾತ್ರ ಹೇಳಿದ್ದುಂಟು: "ಕರೂನ ಬೇರೆ ಕಡೆ ಕಟ್ಟಿದ್ರು. ಅದು ಅಲ್ಲಿಂದ ಕೂಗ್ತಿತ್ತು, ತಾಯಿ ಇಲ್ಲಿಂದ ಕೂಗ್ತಿತ್ತು. ನಡುವೆ ನಿಂತ್ಕೊಂಡು ನಾನು, ಹಾಲು ಯಾಕ್ರೀ ಕಡಿಮೆ ಅಂತ ಕೇಳ್ತಿದ್ದೆ." ಅಂದಿನಿಂದ ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲಕ್ಕೂ ಎಳ್ಳುನೀರು ಬಿಟ್ಟರು. ಬೀಳ್ಕೊಡುಗೆಯ ದಿನ ಡೈರಿಯವರು ಕೊಟ್ಟ ಬೆಣ್ಣೆಯ ಡಬ್ಬಿಯನ್ನು ಮ್ಯಾನೇಜರ ಮೇಜಿನ ಮೇಲೇ ಇಟ್ಟು ಎದ್ದು ಬಂದರು. "ಬೆಣ್ಣೆ ತಿಂದ ನಾಲಿಗೆ ಕಣಯ್ಯ, ಎಷ್ಟು ದಿನ ತಡೆಯುತ್ತೋ ನೋಡೋಣ" ಎಂದು ಮ್ಯಾನೇಜರು ಎಲ್ಲರೆದುರು ನಕ್ಕರಂತೆ. ಆ ನಗುವಿಗೆ ಉತ್ತರ ಕೊಡಲೆಂದೇ ಮಾವ ಎಲೆಕೋಸಿನ ಸೂಪು ಮಾಡಲು ಕಲಿತರು.

ಹನಿ ಹಾಲಿಲ್ಲದೆ, ಕೆನೆ ಹಾಕಿದಷ್ಟೇ ನುಣುಪಾದ ಸೂಪು ಮಾಡಿ ತೋರಿಸಬೇಕು: ಇಷ್ಟೇ ಅವರ ಹಟ. ಕೋಸನ್ನು ಹಳೆಯ ವೈರಿಯೆಂಬಂತೆ ನಾಲ್ಕಾಗಿ ಸೀಳಿ, ನಡುದಿಂಡನ್ನೂ ಬಿಸಾಡದೆ ಸಣ್ಣಗೆ ಹೆಚ್ಚುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಕೋಸು ಸುರಿದು, ಉಪ್ಪು ಉದುರಿಸಿ, ಅದು ತನ್ನ ನೀರನ್ನೆಲ್ಲ ಬಿಟ್ಟು ಅಂಚು ಕೆಂಪಾಗುವವರೆಗೆ ಕಾಯುತ್ತಿದ್ದರು. ಮುಚ್ಚಳ ಮುಚ್ಚುವಂತಿಲ್ಲ, ಮುಚ್ಚಿದರೆ ಕೋಸು ನಾತದಲ್ಲಿ ಸೇಡು ತೀರಿಸಿಕೊಳ್ಳುತ್ತದೆಂದು ಅವರ ಸಿದ್ಧಾಂತ. ಆಮೇಲೆ ಆಲೂಗಡ್ಡೆ, ನೀರು. ಎಲ್ಲ ಮೆತ್ತಗೆ ಬೆಂದಮೇಲೆ ಅರ್ಧವನ್ನು ಅರೆದು ಮತ್ತೆ ಪಾತ್ರೆಗೆ. ಕೊನೆಗೆ ನೆನೆಸಿದ ಗೋಡಂಬಿಯನ್ನು ಗಂಧದಂತೆ ನುಣ್ಣಗೆ ರುಬ್ಬಿ ಬೆರೆಸಿ, ಒಂದು ಕುದಿ ಬಂದೊಡನೆ ಇಳಿಸಿ, ಮೆಣಸಿನಪುಡಿ, ನಿಂಬೆರಸ. ಚೆನ್ನಾಗಿಯೇ ಇರುತ್ತಿತ್ತು. ಆದರೆ ಮಾವ ಚಮಚ ಎತ್ತಿ ಹಿಡಿದು, ಅದು ಇಳಿಯುವ ಬಗೆಯನ್ನು ನೋಡಿ, "ಇನ್ನೂ ತರಿತರಿ" ಎಂದು ಗೋಡಂಬಿಯನ್ನು ಬೈಯುತ್ತಿದ್ದರು.

ಹೀಗಿರುವಾಗ ಅವರಿಗೆ ಕೆಟ್ಟ ಜ್ವರ ಬಂತು. ಜ್ವರವೇನೋ ಇಳಿಯಿತು, ಆದರೆ ಹೋಗುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಅಡುಗೆಮನೆಗೆ ಯಾರನ್ನೂ ಬಿಟ್ಟುಕೊಳ್ಳದ ಮಾವ ಈಗ ಪಾತ್ರೆಯ ಬಳಿ ನಿಂತು ಅತ್ತೆಯನ್ನು ಕೂಗಬೇಕಾಯಿತು: "ಏ ಇವಳೇ, ಬಾ, ಉಪ್ಪು ನೋಡು." ಅತ್ತೆ ಬರುತ್ತಿದ್ದರು, ಉಪ್ಪು ನೋಡುತ್ತಿದ್ದರು, ಇಷ್ಟು ಸಾಲದು ಎಂದರೆ ಮಾವ ಮರುಮಾತಿಲ್ಲದೆ ಹಾಕುತ್ತಿದ್ದರು. ಜನ್ಮದಲ್ಲಿ ಅವರು 'ತಪ್ಪು' ಎನ್ನದೆ ಒಪ್ಪಿದ ಮಾತು ಅದೊಂದೇ.

ಕೆಲವೇ ದಿನಗಳಲ್ಲಿ ಸೂಪು ನುಣುಪಾಯಿತು. ರುಚಿ ತಿಳಿಯದಿದ್ದರೂ ಗಂಟಲಲ್ಲಿ ಜಾರುವುದು ತಿಳಿಯುತ್ತಿತ್ತು. ಗೋಡಂಬಿಯನ್ನು ಬಿಸಿನೀರಲ್ಲಿ ನೆನೆಸಿದ್ದೇ ಗುಟ್ಟೆಂದು ಮಾವ ಬಂದವರಿಗೆಲ್ಲ ಸಾರಿದರು. ಕೊನೆಗೆ ಮ್ಯಾನೇಜರನ್ನೇ ಊಟಕ್ಕೆ ಕರೆದರು. ಅವತ್ತು ನಾನೂ ಇದ್ದೆ. ಮ್ಯಾನೇಜರು ಎರಡು ಚಮಚ ಕುಡಿದು ಹುಬ್ಬೇರಿಸಿ, "ಕೆನೆ ಇಲ್ಲ ಅಂದ್ರೆ ನಂಬಲ್ಲ ಕಣಯ್ಯ" ಎಂದರು. "ಇಷ್ಟು ವರ್ಷ ನಿಮ್ಮ ಕೈಕೆಳಗೆ ಒಂದಾದ್ರೂ ಸುಳ್ಳು ಹೇಳಿದೀನಾ ಸಾರ್?" ಎಂದು ಮಾವ ಎದೆಯುಬ್ಬಿಸಿ ಕೇಳಿದರು. ಮಾವನ ಮಗಳು ಕಿಟಕಿಯ ಕಡೆ ತಿರುಗಿ ಭುಜ ಕುಲುಕಿಸುತ್ತಿದ್ದಳು. ಅಪ್ಪನ ಜಂಬಕ್ಕೆ ನಗುತ್ತಿದ್ದಾಳೆಂದು ನಾನು ತಿಳಿದೆ.

ಮರುದಿನ ಬೆಳಿಗ್ಗೆ ನನಗೆಂದು ಉಳಿಸಿದ್ದ ಸೂಪನ್ನು ಮಾವ ಫ್ರಿಜ್ಜಿನಿಂದ ತೆಗೆದು ಮುಚ್ಚಳ ಎತ್ತಿದರು. ಮೇಲೆ ಅಲ್ಲಲ್ಲಿ ಹಳದಿಯ ತೆಳುಬಿಲ್ಲೆಗಳು ಹೆಪ್ಪುಗಟ್ಟಿದ್ದವು. ಒಂದನ್ನು ಉಗುರಿನಿಂದ ಎಬ್ಬಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಅದು ಮೈಶಾಖಕ್ಕೆ ಕರಗುವುದನ್ನು ನೋಡುತ್ತ ನಿಂತರು. ಜೀವಮಾನವಿಡೀ ಬೆಣ್ಣೆ ಮಾಡಿದ ಬೆರಳಿಗೆ ನಾಲಿಗೆಯ ಸಾಕ್ಷಿ ಬೇಕಿರಲಿಲ್ಲ.

"ಇದೇನು?"

"ಎಣ್ಣೆ ಇರ್ಬೇಕು ಬಿಡಿ," ಎಂದರು ಅತ್ತೆ.

"ಕಡಲೆಕಾಯಿ ಎಣ್ಣೆ ಹೀಗೆ ಬಿಲ್ಲೆ ಕಟ್ಟಲ್ಲ. ಯಾವಾಗಿಂದ?"

ಮಗಳೇ ಹೇಳಿದಳು: "ಜ್ವರ ಬಂದಾಗಿಂದ ಅಪ್ಪ, ಅಮ್ಮ ಉಪ್ಪು ನೋಡೋಕೆ ಬಂದಾಗೆಲ್ಲ. ಒಂದು ಚಮಚ ಬೆಣ್ಣೆಗೆ ಯಾಕಿಷ್ಟು ರಾದ್ಧಾಂತ? ನಿಮಗೆ ಗೊತ್ತೇ ಆಗ್ಲಿಲ್ವಲ್ಲ!"

"ಸತ್ತಿರೋದು ನಿಮ್ಮಪ್ಪನ ನಾಲಿಗೆ ಕಣೇ," ಎಂದು ಮಾವ ಗುಡುಗಿದರು. "ಅಪ್ಪ ಸತ್ತಿಲ್ಲ!"

ಪಾತ್ರೆ ಸಿಂಕಿಗೆ ಬಿದ್ದ ಸದ್ದಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. ಆಗ ಅತ್ತೆಗೂ ರೇಗಿತು. "ನೀವು ಕರಗಿ ಕಡ್ಡಿ ಆಗ್ತಿದ್ರೆ ನಾನು ಕೈಕಟ್ಟಿ ಕೂತಿರ್ಬೇಕಿತ್ತಾ? ಆ ಕೋಟು ಬಿಚ್ಚಿ ಕನ್ನಡಿ ನೋಡ್ಕೊಳ್ರೀ ಒಂದ್ಸಲ!"

"ನನಗೆ ಹೇಳಿ ಹಾಕ್ಬೇಕಿತ್ತು."

"ಹೇಳಿದ್ರೆ ನೀವು ತಿಂತಿರ್ಲಿಲ್ಲ!"

"ತಿಂತಿರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ!"

ಅತ್ತೆಯ ಭಯ ನನಗೆ ಅರ್ಥವಾಗುತ್ತದೆ. ಜ್ವರದ ದಿನಗಳಲ್ಲಿ ಹಗಲೂ ರಾತ್ರಿ ಎಚ್ಚರವಿದ್ದವರು ಅವರು. ಆದರೂ ಆ ಬೆಳಿಗ್ಗೆ ನನ್ನ ಮೈ ಉರಿಯಿತು, ಈಗ ಬರೆಯುವಾಗಲೂ ಉರಿಯುತ್ತದೆ. ನಾಲಿಗೆ ಹೋದವನು ಹೆಂಡತಿಯ ನಾಲಿಗೆಯನ್ನು ತನ್ನದೆಂದು ನಂಬಿ ಕರೆದರೆ, ಆ ಕರೆಯನ್ನೇ ಸಮಯ ಸಾಧಿಸಲು ಬಳಸುವುದೇ? ಅವನು ಅತಿಥಿಯೆದುರು ಎದೆಯುಬ್ಬಿಸಿದಾಗ ಬೆನ್ನ ಹಿಂದೆ ಕಿಸಕ್ಕೆನ್ನುವುದೇ? ಕೋಟಿನೊಳಗಿನ ಮೂಳೆಯ ಚಿಂತೆ ಎಲ್ಲರಿಗೂ ಇತ್ತು. ಆ ಮೂಳೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆಂಬುದು ಯಾರಿಗೂ ನೆನಪಿರಲಿಲ್ಲ.

ಮಾವ ಅದೇ ಕೋಟಿನಲ್ಲಿ, ಅದೇ ನೀರು ದಾಟುವ ನಡಿಗೆಯಲ್ಲಿ ನೇರ ಮ್ಯಾನೇಜರ ಮನೆಗೆ ಹೊರಟರು. ಬೇಡವೆಂದರೂ ಕೇಳದೆ ಹೊರಟಿದ್ದರಿಂದ ನಾನೂ ಹಿಂದೆ ಹೋದೆ. ಬಾಗಿಲಲ್ಲೇ ನಿಂತು, "ನಿನ್ನೆ ನಾನು ಹೇಳಿದ್ದು ಸುಳ್ಳು ಸಾರ್. ಬೆಣ್ಣೆ ಇತ್ತು" ಎಂದರು. ಯಾರು ಹಾಕಿದರೆಂದು ಹೇಳಲಿಲ್ಲ. ಮ್ಯಾನೇಜರು ನಕ್ಕು, "ಗೊತ್ತಿತ್ತು ಬಿಡಯ್ಯ, ಬಾ ಕಾಫಿ ಕುಡಿ" ಎಂದು ಅವರ ಹೆಗಲ ಮೇಲೆ ಕೈಯಿಟ್ಟರು. ಅಷ್ಟು ಆದರದಿಂದ ಅವರು ಹಿಂದೆಂದೂ ಮಾವನ ಹೆಗಲು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಮಾವ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು ಇಳಿದು ಬಂದರು.

ಸೂಪು ಮಾಡುವುದನ್ನು ಅವರು ಬಿಡಲಿಲ್ಲ. ಉಪ್ಪು ನೋಡಲು ಮಾತ್ರ ಯಾರನ್ನೂ ಕರೆಯಲಿಲ್ಲ. ಕೆಲವು ತಿಂಗಳ ನಂತರ ಹೋದಾಗ ನನಗೂ ಒಂದು ಬಟ್ಟಲು ಬಡಿಸಿದರು. ಬಾಯಿಗಿಡಲಾಗದಷ್ಟು ಉಪ್ಪು, ಮೇಲೆ ತರಿತರಿ. ಅವರು ಎದುರು ಕೂತು, ಮುಖ ಒಂದಿಷ್ಟೂ ಕದಲದೆ ಕುಡಿಯುತ್ತಿದ್ದರು. ಬಾಗಿಲ ಬಳಿ ಅತ್ತೆ ಸೆರಗು ಹಿಡಿದು ನಿಂತಿದ್ದರು, ಕರೆದರೆ ಬರಲು ಸಿದ್ಧರಾಗಿ.

"ಉಪ್ಪು ಜಾಸ್ತಿಯಾಗಿದೆ ಮಾವ," ಎಂದೆ.

"ಇರ್ಲಿ," ಎಂದರು. "ನಾನೇ ಹಾಕಿದ್ದು."

ಹಟಮಾರಿಗಳೊಡನೆ ಬಾಳುವುದು ಸುಲಭವೆಂದು ನಾನು ಹೇಳಲಾರೆ. ಅವರು ಮನೆಯವರ ಹೊಟ್ಟೆ ಉರಿಸುತ್ತಾರೆ, ನೆಂಟರ ಮುಖ ಕೆಡಿಸುತ್ತಾರೆ, ಒಂದು ಲೋಟ ಕಾಫಿಯನ್ನೂ ನೆಮ್ಮದಿಯಿಂದ ಕುಡಿಯಲು ಬಿಡುವುದಿಲ್ಲ. ಆದರೆ ಎದುರಿಗೆ ಬಂದು ಜಗಳವಾಡಿದವರಿಗೆ ಅವರು ಎದುರು ನಿಂತೇ ಉತ್ತರ ಕೊಡುತ್ತಾರೆ. ಆ ಕಷ್ಟ ನಮಗೆ ಬೇಡ. ಅವರು ಬೇಡವೆಂದದ್ದನ್ನು ಅವರಿಗೆ ಕಾಣದಂತೆ ಕಲಸಿ ಉಣ್ಣಿಸಿ, ಅದಕ್ಕೆ ಪ್ರೀತಿಯೆಂದು ಹೆಸರಿಟ್ಟು, ಗುಟ್ಟು ಬಯಲಾದ ದಿನ ಅವರದೇ ಸಿಟ್ಟನ್ನು ಬೆರಳು ಮಾಡಿ ತೋರಿಸುತ್ತೇವೆ. ಹಿಡಿದ ಮಾತನ್ನು ಬಿಟ್ಟವನ ಹೆಗಲ ಮೇಲೆ ಲೋಕ ಕೂಡಲೇ ಕೈಹಾಕುತ್ತದೆ. ಬಿಡದವನನ್ನು ಮಾತ್ರ ಅವನ ಅನ್ನದ ಬಟ್ಟಲಲ್ಲೇ ಸೋಲಿಸಿ, ಆಮೇಲೆ ಅವನು ಒಂಟಿಯಾಗಿ ಉಣ್ಣುತ್ತಾನೆಂದು ಮರುಗುತ್ತದೆ.